ಮಲೆನಾಡಿನ ಹಿತ್ತಿಲಲ್ಲಿ ಬ್ಲೂಬೆರಿ: ನನ್ನ ಅನುಭವ

ಕಳೆದ ಬೇಸಿಗೆಯಲ್ಲಿ ಒಂಬತ್ತು ಗಿಡಗಳಿಂದ ಹೆಚ್ಚುಕಡಿಮೆ 11 ಕೆ.ಜಿ. ಬ್ಲೂಬೆರಿ ಕೊಯ್ದೆ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮ ಊರಿನಲ್ಲಿ, ಹಿಮ ಬೀಳುವ ಸೀಮೆಯ ಈ ಗಿಡ ಬದುಕುವುದಿಲ್ಲವೆಂದು ಐದಾರು ವರ್ಷ ಎಲ್ಲರೂ ಹೇಳುತ್ತಲೇ ಬಂದಿದ್ದರು. ಈಗ ಅವರಲ್ಲೇ ಕೆಲವರು ಕಡ್ಡಿ ಕೇಳುತ್ತಿದ್ದಾರೆ.

2019ರಲ್ಲಿ ಇಪ್ಪತ್ತು ಗಿಡ ತರಿಸಿದೆ. ಒಂದಕ್ಕೆ 450 ರೂಪಾಯಿಯಂತೆ, ಸಾಗಣೆ ಸೇರಿ ಹತ್ತು ಸಾವಿರ ದಾಟಿತು. ಅವುಗಳಲ್ಲಿ ಅರ್ಧದಷ್ಟು ಗಿಡಗಳು ಹೆಚ್ಚು ಚಳಿ ಬೇಡುವ ತಳಿಗಳೆಂಬುದನ್ನು ಮಾರಿದವರು ತಿಳಿಸಲಿಲ್ಲ. ಅವು ಎರಡು ವರ್ಷ ಎಲೆ ಬಿಟ್ಟವೇ ಹೊರತು ಹೂ ಬಿಡಲಿಲ್ಲ. ಉಳಿದ, ಕಡಿಮೆ ಚಳಿ ಸಾಕಾಗುವ ಮಿಸ್ಟಿ, ಬಿಲಾಕ್ಸಿ ತಳಿಯ ಗಿಡಗಳನ್ನು ಅಡಿಕೆ ಸಸಿಗೆ ತೆಗೆಯುವಂತೆ ಗುಂಡಿ ತೆಗೆದು ನೆಲದಲ್ಲೇ ನೆಟ್ಟದ್ದು ನನ್ನ ದೊಡ್ಡ ತಪ್ಪು. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಹಾಗಾಗಿ ನಮ್ಮ ಜಂಬಿಟ್ಟಿಗೆ ಮಣ್ಣಿನ ಹುಳಿಯನ್ನು ನಂಬಿದ್ದೆ, ಆದರೆ ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ ಗುಂಡಿಗಳಲ್ಲಿ ನೀರು ನಿಂತಿತು. ಬಾಡಿದ ಒಂದನ್ನು ಹಿಡಿದೆಳೆದರೆ ಕೈಗೇ ಬಂತು. ಬೇರುಗಳು ನೆನೆದ ತೆಂಗಿನ ನಾರಿನಂತಿದ್ದವು, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ನೀರಲ್ಲಿ ನೆನೆಸಿಟ್ಟ ಅಡಿಕೆಯ ವಾಸನೆ ಬಂತು. ಅದು ಸಾಲದೆಂಬಂತೆ ಆ ವರ್ಷ ಮಣ್ಣಿನ ಹುಳಿ ತಗ್ಗಿಸಲು ತೋಟಕ್ಕೆ ಸುಣ್ಣ ಹಾಕಿಸುವಾಗ ಇವಕ್ಕೂ ಒಂದೊಂದು ಹಿಡಿ ಹಾಕಿಸಿದೆ. ತಿಂಗಳೊಳಗೆ ಚಿಗುರೆಲೆಗಳು ನರವಷ್ಟೇ ಹಸಿರುಳಿದು ಹಳದಿಯಾದವು. ಬದುಕಿದ್ದು ಮೂರೇ.

2021ರಲ್ಲಿ ಆ ಮೂರಕ್ಕೆ ಹೊಸ ಆರು ಸೇರಿಸಿ, ಅರ್ಧ ಕತ್ತರಿಸಿದ ಡ್ರಮ್ಮುಗಳಲ್ಲಿ, ಕಲ್ಲಿನ ಮೇಲೆ ಎತ್ತರಿಸಿ ನೆಟ್ಟೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಳೆಯ ಮರದ ಹೊಟ್ಟು, ಕೊಳೆತ ದರಕು (ಉದುರಿದ ಒಣ ಎಲೆ), ದಪ್ಪ ಮರಳು ಇವುಗಳ ಮಿಶ್ರಣ, ಕೊಟ್ಟಿಗೆ ಗೊಬ್ಬರವಿಲ್ಲ. ಇದರೊಂದಿಗೆ ಕಾಡಿನ ಒಂದು ಮರದ ಬುಡದ ಮಣ್ಣನ್ನೂ ಬೆರೆಸುತ್ತೇನೆ. ಯಾವ ಮರವೆಂಬುದನ್ನು ಇನ್ನೆರಡು ಬೆಳೆ ನೋಡಿದ ಮೇಲೆ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಪ್ಲಾಸ್ಟಿಕ್ ಹಾಳೆಯ ಮಾಡು ಇರುತ್ತದೆ. ಮಳೆನಾಡಿನಲ್ಲಿ ಗಿಡಕ್ಕೆ ಮಳೆ ತಪ್ಪಿಸುವುದೇ ಎಂದು ಮನೆಯವರೂ ಆಕ್ಷೇಪಿಸಿದರು, ಆದರೆ ಈ ಬೆಳೆ ಉಳಿದದ್ದು ಆ ಮಾಡಿನಿಂದಲೇ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನೀರಿನ ಪಿಎಚ್ (ಹುಳಿಯ ಅಳತೆ, ಏಳಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಎಂಟರ ಹತ್ತಿರವಿರುತ್ತದೆ. ಅದನ್ನು ಹುಳಿ ಮಾಡಲು ಉಪ್ಪಾಗೆಯ (ಕಾಡಿನ ಹುಳಿ ಹಣ್ಣು) ಒಣಸಿಪ್ಪೆಯನ್ನು ಬಕೆಟ್ಟಿಗೆ ಒಂದು ಹಿಡಿಯಂತೆ ರಾತ್ರಿ ನೆನೆಸಿಟ್ಟು ನೋಡಿದೆ. ಪಿಎಚ್ ಪಟ್ಟಿಯಲ್ಲಿ ಅಳೆದರೆ ಐದಕ್ಕಿಳಿದಿತ್ತು. ಆದರೆ ಡ್ರಮ್ಮಿನ ಸುತ್ತ ಇರುವೆ ಮುತ್ತಿ, ಮಣ್ಣಿನ ಮೇಲೆ ಬೂಷ್ಟು ಕಟ್ಟಿತು. ಉಪ್ಪಾಗೆಗೆ ಬೆಲೆಯಿರುವಾಗ ಅದನ್ನು ಹೀಗೆ ಖರ್ಚು ಮಾಡುವುದೂ ಸರಿಕಾಣದೆ, ಈಗ ಸಂಗ್ರಹಿಸಿದ ಮಳೆನೀರನ್ನೇ ಕೊಡುತ್ತೇನೆ. ಅದು ಮುಗಿದರೆ ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿದ ನೀರು. ಗೊಬ್ಬರವೆಂದರೆ ತಿಂಗಳಿಗೊಂದು ಚಮಚ ಅಮೋನಿಯಂ ಸಲ್ಫೇಟ್ ಮಾತ್ರ. ಮಳೆ ಹಿಂದೆ ಸರಿದ ಮೇಲೆ, ಹೂ ಬರಲೆಂದು ಎಲೆ ಬೋಳಿಸುತ್ತೇನೆ. ಯಾವ ವಾರ ಎಂಬುದನ್ನು ಕಲಿಯಲು ನನಗೆ ಎರಡು ಫಸಲು ಕಳೆದುಹೋದವು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಡ್ರಮ್ಮು, ಮಾಡು, ಪಿಕಳಾರ ಹಕ್ಕಿಗಳಿಂದ ಹಣ್ಣು ಕಾಯಲು ಹಾಕಿದ ಬಲೆ ಎಲ್ಲ ಸೇರಿ ಈವರೆಗೆ ಮೂವತ್ತು ಸಾವಿರದಷ್ಟು ಖರ್ಚಾಗಿದೆ. ಏಳು ಕೆ.ಜಿ.ಯಷ್ಟು ಹಣ್ಣು ಶಿವಮೊಗ್ಗದ ಪರಿಚಿತರ ಮನೆಗಳಿಗೆ ಕೆ.ಜಿ.ಗೆ 900ರಂತೆ ಹೋಯಿತು. ಹಣ್ಣು ನೀಲಿಯಾದೊಡನೆ ಕೊಯ್ಯದೆ, ತೊಟ್ಟಿನ ಸುತ್ತಲ ಕೆಂಪು ಪೂರ್ತಿ ಮಾಯವಾಗುವವರೆಗೆ ನಾಲ್ಕೈದು ದಿನ ಕಾದಿದ್ದರಿಂದಲೇ ಅವರು ಮತ್ತೆ ಕೇಳಿದರು. ನೆಟ್ಟ ನಲವತ್ತು ಕಡ್ಡಿಗಳಲ್ಲಿ ಹದಿನಾಲ್ಕು ಬೇರು ಬಿಟ್ಟಿವೆ. ಅವಕ್ಕೂ ಡ್ರಮ್ಮು ಕತ್ತರಿಸಿಟ್ಟಿದ್ದೇನೆ.