ಕಾಯಿಲ್ ಬದಲಿಸುವ ಮುಂಚೆ ಅದರ ಜಾಗ ಬದಲಿಸಿ ನೋಡಿದೆ

ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ನನ್ನ ಪೆಟ್ರೋಲ್ ಕಾರು ಜರ್ಕ್ ಹೊಡೆಯತೊಡಗಿತು. ಸಮತಟ್ಟಾದ ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಎಂಜಿನ್ ಬಿಸಿಯಾದಷ್ಟೂ ಕಾಟ ಜಾಸ್ತಿ. ಚೆಕ್ ಎಂಜಿನ್ ದೀಪ ಮಿಣುಕತೊಡಗಿದಾಗ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0303 ಅಂತ ಬಂತು. ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಈ ಕೋಡ್ ಸಿಲಿಂಡರ್ ಯಾವುದು ಅಂತ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರ್‌ನ ಕಂಪ್ರೆಷನ್, ಯಾವುದೂ ಇರಬಹುದು. ಆದರೆ ಏರಿನಲ್ಲಿ, ಬಿಸಿಯಲ್ಲಿ ಕೈಕೊಡುವುದು ಕಾಯಿಲ್‌ನ ಲಕ್ಷಣ. ಇದು ಇಗ್ನಿಷನ್ ಕಾಯಿಲ್, ನನ್ನ ಕಾರಿನಲ್ಲಿ ಪ್ರತಿ ಪ್ಲಗ್‌ನ ಮೇಲೂ ಒಂದೊಂದು ಕೂತಿರುತ್ತದೆ.

ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್‌ನ ಗ್ಯಾಪ್ ದಾಟಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಕಾಯಿಲ್ ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು ಇರುತ್ತವೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ದಪ್ಪ ತಂತಿಯಲ್ಲಿ ಕೆಲವೇ ಮಿಲಿಸೆಕೆಂಡ್ ಕರೆಂಟ್ ಹರಿಸಿ ತಟ್ಟನೆ ನಿಲ್ಲಿಸುತ್ತದೆ. ಕಾಂತಕ್ಷೇತ್ರ ಕುಸಿಯುತ್ತದೆ, ಸಣ್ಣ ತಂತಿಯಲ್ಲಿ ವೋಲ್ಟೇಜ್ ಚಿಮ್ಮುತ್ತದೆ. 20,000ದಿಂದ 40,000 ವೋಲ್ಟ್‌ವರೆಗೂ ಅದು ಹೋಗಬಲ್ಲದು. ಏರಿನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚು, ಹಾಗಾಗಿ ಕಿಡಿಗೆ ಇನ್ನಷ್ಟು ವೋಲ್ಟೇಜ್ ಬೇಕು. ಇನ್ಸುಲೇಷನ್ ಬಿರುಕು ಬಿಟ್ಟಿದ್ದರೆ ಕರೆಂಟ್ ಪ್ಲಗ್ ತಲುಪದೆ ಪಕ್ಕಕ್ಕೆ ಸೋರಿಹೋಗುತ್ತದೆ.

ಎಂಜಿನ್ ಆರಿದ ಮೇಲೆ ಇಗ್ನಿಷನ್ ಆಫ್ ಇಟ್ಟು ಕನೆಕ್ಟರ್ ತೆಗೆದೆ, ಬೋಲ್ಟ್ ಬಿಚ್ಚಿದೆ. ಕಾಯಿಲನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ಎತ್ತಬೇಕು. ಕಾಯಿಲ್ ತುದಿಯ ರಬ್ಬರ್ ತೋಳು, ಅಂದರೆ ಬೂಟ್, ಪ್ಲಗ್‌ಗೆ ಕಚ್ಚಿಕೊಂಡಿರುತ್ತದೆ, ಸುಮ್ನೆ ಜಗ್ಗಿದರೆ ರಬ್ಬರ್ ಹರಿಯುತ್ತದೆ. ಮೂರನೆಯದನ್ನು ಒಂದರಲ್ಲಿ, ಒಂದರದ್ದನ್ನು ಮೂರರಲ್ಲಿ ಕೂರಿಸಿದೆ. ಕೋಡ್ ಅಳಿಸಿ ಅದೇ ಏರು ಹತ್ತಿಸಿದೆ. ಈ ಸಲ ಪಿ0301. ಕಾಯಿಲ್ ಹೋದಲ್ಲಿಗೇ ಮಿಸ್‌ಫೈರ್ ಹೋಯಿತು, ಇನ್ನೇನು ಸಾಕ್ಷಿ ಬೇಕು? ಮಲ್ಟಿಮೀಟರ್ ಅಳತೆಗಿಂತ ನನಗೆ ಇದೇ ಹೆಚ್ಚು ನಂಬಿಕೆ. ಬಿಸಿಯಲ್ಲಿ ಮಾತ್ರ ಕಾಣುವ ದೋಷ ತಣ್ಣಗಿರುವಾಗ ಮೀಟರ್‌ಗೆ ಸಿಗದೆ ಹೋಗಬಹುದು. ಒಳಗೇ ಎಲೆಕ್ಟ್ರಾನಿಕ್ಸ್ ಇರುವ ಕಾಯಿಲ್‌ಗಳಲ್ಲಿ ಓಮ್ ಲೆಕ್ಕವೇ ದಾರಿ ತಪ್ಪಿಸುತ್ತದೆ.

ಆದರೆ ಕಾಯಿಲ್ ಯಾಕೆ ಸತ್ತಿತು? ಬೂಟ್ ಮೇಲೆ ಆಯಿಲ್ ಜಿಡ್ಡಿತ್ತು, ಜೊತೆಗೆ ಗೆರೆ ಎಳೆದ ಹಾಗೆ ಸುಟ್ಟ ಕಪ್ಪು ಗುರುತು. ವಾಲ್ವ್ ಕವರ್‌ನ ಸೀಲ್ ಸವೆದು ಪ್ಲಗ್ ಗುಂಡಿಗೆ ಆಯಿಲ್ ಇಳಿದಿತ್ತು. ಪ್ಲಗ್‌ನ ಗ್ಯಾಪ್ ಕೂಡ ಇರಬೇಕಾದ್ದಕ್ಕಿಂತ ಅಗಲವಾಗಿತ್ತು. ಗ್ಯಾಪ್ ಅಗಲವಾದಷ್ಟೂ ಕಾಯಿಲ್ ಹೆಚ್ಚು ದುಡಿಯಬೇಕು, ಅಲ್ವಾ? ಕಾಯಿಲ್ ಒಂದನ್ನೇ ಹಾಕಿ ಬಾನೆಟ್ ಮುಚ್ಚಿದ್ದರೆ ಹೊಸದಕ್ಕೂ ಅದೇ ಗತಿ ಬರುತ್ತಿತ್ತು. ಸೀಲ್, ನಾಲ್ಕೂ ಪ್ಲಗ್, ಒಂದು ಕಾಯಿಲ್ ಬದಲಿಸಿದೆ.

ಉಳಿದ ಮೂರನ್ನು ಮುಟ್ಟಲಿಲ್ಲ. ಪ್ಲಗ್‌ಗೆ ಇರುವಂತೆ ಕಾಯಿಲ್‌ಗೆ ಸಾಮಾನ್ಯವಾಗಿ ಇಷ್ಟೇ ಕಿಲೋಮೀಟರ್ ಎಂಬ ಗಡುವು ಇರುವುದಿಲ್ಲ. ಎಂಜಿನ್‌ಗೆ ಗಾಳಿ ತರುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿಯೇ ಕಾಯಿಲ್ ಮುಟ್ಟಬೇಕಾದ ಎಂಜಿನ್ ಆಗಿದ್ದು, ಕಾಯಿಲ್‌ಗಳೂ ಹಳೆಯವಾಗಿದ್ದರೆ ಮಾತ್ರ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತೇನೆ. ಆದರೆ ಚೆಕ್ ಎಂಜಿನ್ ದೀಪ ಮಿಣುಕುತ್ತಿರುವಾಗ ಓಡಿಸುತ್ತಲೇ ಇರಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕರಗಿದರೆ ಬರುವ ಖರ್ಚಿನ ಮುಂದೆ ಕಾಯಿಲ್ ಬೆಲೆ ಏನೇನೂ ಅಲ್ಲ.