ಹಳೆಯ ಪೆಟ್ರೋಲ್ ಕಾರಿಗೆ ವಿದ್ಯುತ್ ಇಂಧನ ಪಂಪ್: ವೈರಿಂಗ್ ಮಾಡುವ ಕ್ರಮ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯಿಂದ ಅಣ್ಣಿಗೇರಿ ಮಾರ್ಗವಾಗಿ ಗದಗಿಗೆ ಹೊರಟ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ನಡುದಾರಿಯಲ್ಲಿ ನಿಂತುಬಿಡುವುದು, ಬಾನೆಟ್ ತೆರೆದು ಸ್ವಲ್ಪ ಹೊತ್ತು ಆರಲು ಬಿಟ್ಟರೆ ಮತ್ತೆ ಚಾಲೂ ಆಗುವುದು ಈ ಭಾಗದ ಹಳೆ ಕಾರುಗಳ ಮಾಲೀಕರಿಗೆ ಪರಿಚಿತ ಸಂಗತಿ. ಈ ಕಾರುಗಳ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದು ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡದಿಂದ ನಡೆಯುತ್ತದೆ. ಎಂಜಿನ್ನಿನ ಕಾವಿಗೆ ಅದರೊಳಗಿನ ಪೆಟ್ರೋಲ್ ಆವಿಯಾದರೆ ಪಂಪ್ ಕೆಲಸ ಮಾಡುವುದಿಲ್ಲ. ಟ್ಯಾಂಕಿನ ಬಳಿ ವಿದ್ಯುತ್ ಪಂಪ್ ಕೂರಿಸಿ ಪೆಟ್ರೋಲನ್ನು ಹಿಂದಿನಿಂದ ತಳ್ಳಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಆದರೆ ಎಂಜಿನ್ ನಿಂತೊಡನೆ ತಾನೂ ನಿಲ್ಲುವ ಹಳೆಯ ಪಂಪಿನ ಗುಣ ವಿದ್ಯುತ್ ಪಂಪಿಗೆ ತಾನಾಗಿ ಬರುವುದಿಲ್ಲ. ಅದನ್ನು ವೈರಿಂಗ್ ಮೂಲಕ ನಾವೇ ಕೊಡಬೇಕು. ಇಗ್ನಿಷನ್ ಸ್ವಿಚ್ಚಿನಿಂದ ನೇರವಾಗಿ ಒಂದು ವೈರ್ ಎಳೆದು ಪಂಪಿಗೆ ಕೊಟ್ಟರೆ ಕಾರು ಓಡುತ್ತದೆ, ನಿಜ. ಆದರೆ ಅಪಘಾತದಲ್ಲಿ ಪೈಪ್ ಹರಿದು ಎಂಜಿನ್ ನಿಂತ ಮೇಲೂ, ಚಾವಿ ಆನ್ ಇರುವಷ್ಟು ಹೊತ್ತು, ಆ ಪಂಪ್ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮನೆಮಂದಿ ಕೂರುವ ಕಾರಿಗೆ ಈ ಅಡ್ಡದಾರಿ ಖಂಡಿತ ಬೇಡ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ 2ರಿಂದ 4 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಪಂಪ್ ಸಾಕು. ಇಂಜೆಕ್ಷನ್ ಕಾರಿನ ಪಂಪ್ ಹಾಕಿದರೆ ಕಾರ್ಬ್ಯುರೇಟರಿನೊಳಕ್ಕೆ ಪೆಟ್ರೋಲ್ ಬರುವುದನ್ನು ನಿಯಂತ್ರಿಸುವ ಫ್ಲೋಟ್ ಸೂಜಿ ಅದರ ಹೆಚ್ಚಿನ ಒತ್ತಡವನ್ನು ತಡೆಯಲಾರದೆ ಪೆಟ್ರೋಲ್ ಹೊರಚೆಲ್ಲುತ್ತದೆ. ಪಂಪನ್ನು ಟ್ಯಾಂಕಿನ ತಳದ ಮಟ್ಟದಲ್ಲಿ, ಸೈಲೆನ್ಸರಿನಿಂದ ದೂರದಲ್ಲಿ ಕೂರಿಸಿ, ಅದಕ್ಕೂ ಮುಂಚೆ ಒಂದು ಫಿಲ್ಟರ್ ಇಡಬೇಕು. ಹಳೆಯ ಟ್ಯಾಂಕಿನ ತುಕ್ಕು ಪಂಪನ್ನು ಬೇಗ ಹಾಳುಮಾಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಇದೇ ಸಮಯದಲ್ಲಿ ಬದಲಿಸುವುದು ಒಳ್ಳೆಯದು. ಹಳೆಯ ಪಂಪ್ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಸಹಿತ ಪ್ಲೇಟ್ ಬಿಗಿಯದಿದ್ದರೆ ಅಲ್ಲಿಂದ ಎಂಜಿನ್ ಆಯಿಲ್ ಸೋರುತ್ತದೆ.

ವೈರಿಂಗಿಗೆ ಮೊದಲು ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಮೈಗೆ ಜೋಡಣೆಯಾಗಿದೆ, ಅಂದರೆ ಅರ್ಥಿಂಗ್ ಆಗಿದೆಯೆಂದು ನೋಡಿಕೊಂಡು, ಆ ತುದಿಯನ್ನೇ ಬಿಚ್ಚಿಡಬೇಕು. ತೀರಾ ಹಳೆಯ ಕೆಲವು ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥಿಂಗ್ ಆಗಿರುತ್ತದೆ. ಅಂಥ ಕಾರಿಗೆ ಈಗಿನ ಪಂಪನ್ನು ಹಾಗೆಯೇ ಜೋಡಿಸಿದರೆ ಅದು ಸುಟ್ಟುಹೋಗಬಹುದು. ಮುಂದಿನ ವಿವರಣೆ ನೆಗೆಟಿವ್ ಅರ್ಥಿಂಗ್ ಇರುವ 12 ವೋಲ್ಟ್ ಕಾರಿಗೆ ಮಾತ್ರ ಅನ್ವಯಿಸುತ್ತದೆ.

ಬ್ಯಾಟರಿಯ ಪಾಸಿಟಿವ್‌ನಿಂದ 2.5 ಚದರ ಮಿಲಿಮೀಟರ್ ವೈರ್ ತೆಗೆದುಕೊಂಡು, ಒಂದು ಗೇಣಿನೊಳಗೇ 10 ಆಂಪಿಯರ್ ಫ್ಯೂಸ್ ಹಾಕಿ, ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಪಿನ್ನಿಗೆ ಕೊಡಬೇಕು. 87ನೇ ಪಿನ್ನಿನಿಂದ ಹೊರಡುವ ವೈರ್, ಡಿಕ್ಕಿ ಹೊಡೆದಾಗ ತಾನಾಗಿ ಕಡಿತಗೊಳ್ಳುವ ಇನರ್ಷಿಯಾ ಸ್ವಿಚ್ ದಾಟಿ ಪಂಪಿನ ಪಾಸಿಟಿವ್ ತಲುಪಬೇಕು. 85ನೇ ಪಿನ್ ಅರ್ಥಿಂಗಿಗೆ. ಇನ್ನು 86ನೇ ಪಿನ್ನೇ ಈ ಕೆಲಸದ ಜೀವಾಳ: ಅದಕ್ಕೆ ಇಗ್ನಿಷನ್ನಿನ ಕರೆಂಟ್ ನೇರವಾಗಿ ಬಾರದೆ, ಮೂರು ಟರ್ಮಿನಲ್ಲಿನ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಬರಬೇಕು. ಸ್ಟಾರ್ಟರ್ ತಿರುಗುವಾಗ ಸ್ಟಾರ್ಟರಿಗೆ ಕರೆಂಟ್ ಕೊಡುವ ಸೊಲೆನಾಯ್ಡಿನ ಸಣ್ಣ ವೈರಿನಿಂದಲೂ, ಆಯಿಲ್ ಒತ್ತಡ ಏರಿದ ಮೇಲೆ ಇಗ್ನಿಷನ್ನಿನಿಂದಲೂ ಆ ಸ್ವಿಚ್ ಕರೆಂಟ್ ಕೊಡುತ್ತದೆ. ಎಂಜಿನ್ ನಿಂತು ಒತ್ತಡ ಇಳಿದರೆ ರಿಲೇ ಬಿಟ್ಟುಕೊಂಡು ಪಂಪಿನ ಕರೆಂಟ್ ಕಡಿತಗೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪಕ್ಕೆ ಇರುವ ಮಾಮೂಲಿ ಸ್ವಿಚ್ ಇದಕ್ಕೆ ಬಾರದು, ಏಕೆಂದರೆ ಅದು ಒತ್ತಡ ಇಲ್ಲದಾಗಲೇ ಕೂಡಿಕೊಳ್ಳುವಂಥದ್ದು.

ವೈರುಗಳನ್ನು ಹೊಸೆದು ಟೇಪ್ ಸುತ್ತುವ ಬದಲು ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಬೇಕು, ಅಂದರೆ ಒತ್ತಿ ಬಿಗಿಯಬೇಕು; ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ (ರಕ್ಷಣೆಯ ಉಂಗುರ) ಇರಬೇಕು. ಪಂಪಿನ ಅರ್ಥಿಂಗಿಗೆ ಬಾಡಿಯ ಬಣ್ಣ ಕೆರೆದು ಹೊಳೆಯುವ ಲೋಹಕ್ಕೇ ಬೋಲ್ಟ್ ಬಿಗಿಯಬೇಕು.

ಪೈಪ್ ಜೋಡಿಸುವ ಮೊದಲೇ ಬ್ಯಾಟರಿ ಕೂಡಿಸಿ, ಪಂಪಿನ ವೈರನ್ನು ಬಿಚ್ಚಿಟ್ಟು, ಅದರ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಬೇಕು. ಚಾವಿ ಆನ್ ಮಾಡಿದರೆ ಏನೂ ತೋರಿಸಬಾರದು. ಸ್ಟಾರ್ಟರ್ ತಿರುಗಿಸಿದಾಗ ವೋಲ್ಟೇಜ್ ಬರಬೇಕು. ಎಲ್ಲ ಜೋಡಿಸಿ ಎಂಜಿನ್ ಓಡುವಾಗ ಬ್ಯಾಟರಿಗೂ ಪಂಪಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಯಾವುದೋ ಜೋಡಣೆ ಸಡಿಲವಿದೆ, ಹೆಚ್ಚಾಗಿ ಅರ್ಥಿಂಗಿನದೇ. ಕೊನೆಗೆ ಗೇರಿನಲ್ಲಿಟ್ಟು, ಬ್ರೇಕ್ ಒತ್ತಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ, ಚಾವಿ ಆನ್ ಇರುವಂತೆಯೇ ಹಿಂದೆ ಹೋಗಿ ಪಂಪಿನ ಸದ್ದು ಆಲಿಸಬೇಕು. ಕೆಲವೇ ಕ್ಷಣಗಳಲ್ಲಿ ಅದು ಅಡಗದಿದ್ದರೆ 86ನೇ ಪಿನ್ನಿನ ಜೋಡಣೆಯನ್ನು ಮತ್ತೆ ಪರೀಕ್ಷಿಸಿ ಸರಿಪಡಿಸುವವರೆಗೆ ಕಾರನ್ನು ರಸ್ತೆಗೆ ಇಳಿಸಬಾರದು.