ಮೇಸ್ತ್ರಿಯ ಲೆವೆಲ್ ಪೈಪು, ಮಳೆ ಬಾಟಲಿ: ಸಿದ್ದಾಪುರದ ಕಡೆ ನಾವು ನಡೆಸಿದ ಬೇಸಿಗೆ ಶಿಬಿರ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬರುತ್ತದೆ, ತೋಟದ ಕೆಲಸಕ್ಕೆ ರಜೆ ಇಲ್ಲ. ಕಾಳುಮೆಣಸಿನ ಕೊಯ್ಲು ಮುಗಿಯುತ್ತಿರುತ್ತದೆ. ಕಾಫಿ ಗಿಡದ ಕಪಾತು, ನೆರಳು ಮರದ ಕೊಂಬೆ ಕಡಿಯೋದು, ಎಲ್ಲ ಮಳೆಗಾಲಕ್ಕೆ ಮುಂಚೆ ಆಗಬೇಕು. ಅಪ್ಪ ಅಮ್ಮ ಬೆಳಿಗ್ಗೆ ಹೊರಟರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆಯ) ಮಕ್ಕಳು ಸಂಜೆವರೆಗೂ ತಮ್ಮಷ್ಟಕ್ಕೆ ಇರುತ್ತಾರೆ. ಅನುಕೂಲ ಇರುವ ಮನೆಯವರು ಮಕ್ಕಳನ್ನು ಮಡಿಕೇರಿಗೋ ಮೈಸೂರಿಗೋ ಶಿಬಿರಕ್ಕೆ ಕಳಿಸುತ್ತಾರೆ. ನಾನು ಕೊಡಗಿನ ಸಿದ್ದಾಪುರದ ಹತ್ತಿರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡೂ ಕಡೆಯ ಮಕ್ಕಳು ಒಂದೇ ಚಾಪೆ ಮೇಲೆ ಕೂತು ಕಲಿಯಬೇಕು ಅನ್ನೋದು ನನ್ನ ಆಸೆ. ಪಂಚಾಯಿತಿಯವರು ಅರಿವು ಕೇಂದ್ರದ, ಅಂದರೆ ಊರಿನ ಗ್ರಂಥಾಲಯದ, ಬೀಗದ ಕೈ ಕೊಟ್ಟರು. ಐದರಿಂದ ಒಂಬತ್ತನೇ ಕ್ಲಾಸಿನವರೆಗೆ ಯಾರು ಬೇಕಾದರೂ ಬರಬಹುದು, ಫೀಸು ಇಲ್ಲ ಅಂತ ಹೇಳಿ ಶುರು ಮಾಡಿದೆವು.

ಏನು ಮಾಡಿಸಬೇಕು ಅನ್ನೋದರಲ್ಲಿ ನನಗೆ ಗೊಂದಲ ಇರಲಿಲ್ಲ. ಮಕ್ಕಳು ತಮ್ಮ ಊರಿನದ್ದೇ ಏನನ್ನಾದರೂ ಕೈಯಾರೆ ಅಳೆಯಬೇಕು. ಅಳೆದದ್ದನ್ನು ಬರೆದಿಡಬೇಕು. ಅದರ ಬಗ್ಗೆ ಒಬ್ಬರಿಗೊಬ್ಬರು ವಾದ ಮಾಡಬೇಕು. ಕಲಿಸೋಕೆ ಹೊರಗಿನಿಂದ ಯಾರನ್ನೂ ಕರೆಸೋದು ಬೇಡ, ಅಳತೆ ಗೊತ್ತಿರುವ ಜನ ನಮ್ಮ ಊರಲ್ಲೇ ಬೇಕಾದಷ್ಟು ಇದ್ದಾರೆ ಅಂತ ನಾನು ಮೊದಲೇ ಹೇಳಿದ್ದೆ.

ಮಳೆಯಿಂದ ಶುರು ಮಾಡಿದೆವು. ಕೊಡಗಿನಲ್ಲಿ ತೋಟದವರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಇಂಚು. "ನಿನ್ನೆ ನಮ್ಮಲ್ಲಿ ಎಂಬತ್ತು ಸೆಂಟ್, ನಿಮ್ಮಲ್ಲೆಷ್ಟು?" ಅಂತ ಅಂಗಡಿ ಮುಂದೆ ಮಾತಾಡೋದನ್ನು ಮಕ್ಕಳು ದಿನಾ ಕೇಳಿರುತ್ತಾರೆ. ಪಾಠದ ಪುಸ್ತಕದಲ್ಲಿ ಅದು ಮಿಲಿಮೀಟರ್. ಇವೆರಡೂ ಒಂದೇ ವಿಷಯ ಅಂತ ಜೋಡಿಸಿ ತೋರಿಸುವವರು ಇರಲಿಲ್ಲ. ಒಂದು ಇಂಚಿಗೆ 25.4 ಮಿಲಿಮೀಟರ್ ಅಂತ ಬೋರ್ಡಿನ ಮೇಲೆ ಬರೆದು, ಮಳೆ ಬಾಟಲಿ ಮಾಡೋಕೆ ಕೂತೆವು.

ಮಾಡೋದು ಸುಲಭ. ಪಕ್ಕೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ಬೇಕು. ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯ ಥರ ಕೂರಿಸಬೇಕು. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಅಲ್ಲಿ ಸಣ್ಣ ಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಬೇಕು. ಆ ಗೆರೆಯೇ ಸೊನ್ನೆ. ಕಲ್ಲಿನ ಭಾರಕ್ಕೆ ಬಾಟಲಿ ಗಾಳಿಗೆ ಉರುಳುವುದಿಲ್ಲ. ಬಿಸಿಲಿಗೆ ನೀರು ಆರಿದರೆ ದಿನಾ ಸೊನ್ನೆಗೆ ತುಂಬಿಡಬೇಕು. ಮರದ ಕೆಳಗೆ, ಮನೆ ಸೂರಿನ ಪಕ್ಕ ಇಡಬಾರದು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಬೇಕು. ತೋಟದೊಳಗೆ ಅಂಥ ಜಾಗ ಸಿಗೋದು ಕಷ್ಟ. ಮಕ್ಕಳು ಕಾಫಿ ಒಣಗಿಸುವ ಕಣ, ಗದ್ದೆ ಬದಿ, ಶಾಲೆ ಮೈದಾನ ಅಂತ ಹುಡುಕಿ ಇಟ್ಟರು. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯೋದು ಅಂತ ನಿಯಮ ಮಾಡಿಕೊಂಡರು.

ಇಷ್ಟಾದ ಮೇಲೆ ನಿಜವಾದ ಪಾಠ ಶುರುವಾಯಿತು. ಕೆಲವರದ್ದು ಎರಡು ಲೀಟರ್ ಬಾಟಲಿ, ಕೆಲವರದ್ದು ಒಂದು ಲೀಟರ್. "ಸಾರ್, ದೊಡ್ಡದಕ್ಕೆ ಜಾಸ್ತಿ ಮಳೆ ಬೀಳಲ್ವಾ? ಇದು ಮೋಸ" ಅಂತ ಒಬ್ಬ ಪಟ್ಟು ಹಿಡಿದ. ನಾನು ಉತ್ತರ ಹೇಳಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಮಳೆಗೆ ಕಾದೆವು. ಮಳೆ ಬಂತು. ಎರಡರಲ್ಲೂ ನೀರಿನ ಎತ್ತರ ಒಂದೇ. ಸೊನ್ನೆಯ ಮೇಲಿನ ನೀರನ್ನು ಅಳತೆ ಲೋಟಕ್ಕೆ ಸುರಿದರೆ ದೊಡ್ಡದರಲ್ಲೇ ಜಾಸ್ತಿ. ಮಕ್ಕಳು ಲೋಟ ನೋಡಿದರು, ಗೆರೆ ನೋಡಿದರು, ಮತ್ತೆ ಲೋಟ ನೋಡಿದರು. ಕೊನೆಗೆ ಏಳನೇ ಕ್ಲಾಸಿನ ಹುಡುಗಿ ಹೇಳಿದಳು: "ಬಾಯಿ ದೊಡ್ಡದಾದಷ್ಟೇ ಹೊಟ್ಟೇನೂ ದೊಡ್ಡದಿದೆ ಅಲ್ವಾ, ಅದಕ್ಕೆ." ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ.

ಪಕ್ಕದ ತೋಟದ ಅಜ್ಜ ಒಬ್ಬರು ಅವರ ಅಪ್ಪನ ಕಾಲದಿಂದ ಬರೆದಿಟ್ಟ ಮಳೆ ಡೈರಿಗಳನ್ನು ತಂದು ತೋರಿಸಿದರು. ಹೂಮಳೆ ಯಾವ ವರ್ಷ ಯಾವ ವಾರ ಬಂತು ಅಂತ ಮಕ್ಕಳು ಪುಟ ಹುಡುಕಿದರು. ಹೂಮಳೆ ಚೆನ್ನಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಹೂ ಅರಳುತ್ತದೆ, ಆಮೇಲೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ತೋಟದವರು ಸೆಂಟ್ ಲೆಕ್ಕ ಯಾಕೆ ಇಡುತ್ತಾರೆ ಅಂತ ಆಗ ಲೈನ್ ಮನೆ ಮಕ್ಕಳಿಗೂ ಗೊತ್ತಾಯಿತು. ಒಂದು ಸಂಜೆ ಗುಡುಗು ಮಳೆ ಬಂದಾಗ ಗುಹ್ಯ ಊರಿನ ಕಡೆಯವರ ಬಾಟಲಿ ಚೆನ್ನಾಗಿ ತುಂಬಿತ್ತು, ಕರಡಿಗೋಡಿನವರದ್ದು ಬರೀ ಒದ್ದೆ. ಅವರವರೇ ಬಿಡಿಸಿದ ನಕ್ಷೆಯ ಮೇಲೆ ಅಂಕಿ ಬರೆದಾಗ ಬೇಸಿಗೆ ಮಳೆ ಎಷ್ಟು ತುಂಡು ತುಂಡಾಗಿ ಬೀಳುತ್ತದೆ ಅಂತ ಕಣ್ಣಿಗೇ ಕಂಡಿತು.

ಎರಡನೇ ಕೆಲಸ ನನ್ನ ಮನಸ್ಸಿಗೆ ಇನ್ನೂ ಹತ್ತಿರ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಹೊಳೆ ಬದಿಯ ಮನೆಗಳಿಗೆ ನೀರು ನುಗ್ಗಿತ್ತು. ಶಿಬಿರಕ್ಕೆ ಬಂದ ಕೆಲವರ ಮನೆ ಗೋಡೆಯಲ್ಲಿ ಆ ಗುರುತು ಇನ್ನೂ ಇದೆ. ಹೊಳೆ ಎಷ್ಟು ಎತ್ತರ ಬಂದಿತ್ತು? ಇದನ್ನು ಅಳೆಯೋದು ಹೇಗೆ? ಗಾರೆ ಮೇಸ್ತ್ರಿಯೊಬ್ಬರನ್ನು ಕರೆದೆ, ಶಿಬಿರಕ್ಕೆ ಬಂದ ಹುಡುಗನೊಬ್ಬನ ಅಪ್ಪನೇ. ಮನೆ ಪಾಯ ಮಟ್ಟ ಮಾಡುವ ಪಾರದರ್ಶಕ ಪೈಪು ತಂದರು.

"ನೋಡಿ ಮಕ್ಳೇ, ಪೈಪು ಹೇಗೆ ಬೇಕಾದ್ರೂ ಸುತ್ತಲಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ತದೆ. ಒಳಗೆ ಗುಳ್ಳೆ ಇರಬಾರ್ದು, ಅಷ್ಟೇ."

ಅಳತೆ ಟೇಪು ಅಂಟಿಸಿದ ಎರಡು ಕೋಲು, ಒಂದೊಂದಕ್ಕೆ ಪೈಪಿನ ಒಂದೊಂದು ತುದಿ. ಕೆಳಗಿನ ಕೋಲಿನಲ್ಲಿ ನೀರು 140 ಸೆಂಟಿಮೀಟರಿಗೆ, ಮೇಲಿನ ಕೋಲಿನಲ್ಲಿ 35ಕ್ಕೆ ನಿಂತರೆ ನೆಲ 105 ಸೆಂಟಿಮೀಟರ್ ಏರಿದೆ ಅಂತ ಲೆಕ್ಕ. ಬರೆದುಕೊಂಡು ಕೆಳಗಿನ ಕೋಲನ್ನು ಇನ್ನೂ ಮೇಲಕ್ಕೆ ತರೋದು, ಮತ್ತೆ ಅಳೆಯೋದು. ಹೀಗೆ ಹೊಳೆ ದಡದಿಂದ ಮನೆ ಬಾಗಿಲವರೆಗೆ. ನೀರಿನ ಅಂಚಿನಲ್ಲಿ ಕೋಲು ಹಿಡಿಯೋದು ದೊಡ್ಡವರೇ, ಮಕ್ಕಳು ಹೊಳೆಗೆ ಇಳಿಯುವ ಹಾಗಿಲ್ಲ. ಎರಡು ತಂಡ ಬೇರೆ ಬೇರೆ ದಾರಿಯಲ್ಲಿ ಅಳೆದುಕೊಂಡು ಬಂದವು. ಉತ್ತರದಲ್ಲಿ ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಯಾರದ್ದು ಸರಿ ಅಂತ ಗಲಾಟೆ ಆಯಿತು. ಮೇಸ್ತ್ರಿ ಒಂದು ಪೈಪನ್ನು ಬಿಸಿಲಿಗೆ ಹಿಡಿದು ಬೆರಳಿನಿಂದ ತಟ್ಟುತ್ತಾ ಹೋದರು. ಮಧ್ಯದಲ್ಲೊಂದು ಗುಳ್ಳೆ ಸಿಕ್ಕಿತು. ಆ ತಂಡ ಯಾರೂ ಹೇಳದೆಯೇ ಮತ್ತೆ ದಡಕ್ಕೆ ಹೋಗಿ ಮೊದಲಿನಿಂದ ಅಳೆಯಿತು.

ಗೋಡೆ ಗುರುತು ಅಳೆಯೋಕೆ ಮುಂಚೆ ಮನೆಯವರನ್ನು ಕೇಳಲೇಬೇಕು. ಅದು ಅವರ ಕಷ್ಟದ ಗುರುತು, ಸುಮ್ನೆ ಟೇಪು ಹಿಡಿದು ನಿಲ್ಲೋಕಾಗಲ್ಲ. ಒಬ್ಬ ತಾಯಿ ತಾವೇ ಬಂದು, ಪಾತ್ರೆ ಎಲ್ಲಿತ್ತು, ದಾಖಲೆಪತ್ರ ಎಲ್ಲಿಟ್ಟಿದ್ದರು, ಯಾವ ಹೊತ್ತಿಗೆ ನೀರು ಹೊಸ್ತಿಲು ದಾಟಿತು ಅಂತ ಹೇಳಿದರು. ಮಕ್ಕಳು ಅದನ್ನೂ ಬರೆದುಕೊಂಡರು. ಅಸ್ಸಾಮಿನಿಂದ ಬಂದ ಕಾರ್ಮಿಕರ ಮಗ ಒಬ್ಬನಿಗೆ ಕನ್ನಡ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಕೋಲು ಓದೋದರಲ್ಲಿ ಅವನೇ ಎಲ್ಲರಿಗಿಂತ ಚುರುಕು. ಅಂಕಿ ಕೂಗುತ್ತಾ ಕೂಗುತ್ತಾ ಅವನಿಗೆ ಗೆಳೆಯರಾದರು.

ಮಣ್ಣಿನ ಪ್ರಯೋಗ ಹೆಚ್ಚಿನವರಿಗೆ ಗೊತ್ತಿರೋದೇ. ಅಡ್ಡ ಮಲಗಿಸಿ ಮೇಲಿನ ಪಕ್ಕೆ ಕತ್ತರಿಸಿದ ಮೂರು ಬಾಟಲಿ: ಬರೀ ಮಣ್ಣು, ತರಗೆಲೆ ಹೊದಿಸಿದ್ದು, ಹುಲ್ಲು ಬೆಳೆದದ್ದು. ನೀರು ಹೊಯ್ದರೆ ಮೊದಲನೆಯದರಿಂದ ಕೆಂಪು ನೀರು, ಹುಲ್ಲಿನದರಿಂದ ಹೆಚ್ಚು ಕಡಿಮೆ ತಿಳಿನೀರು. ಆದರೆ ಕೊಡಗಿನಲ್ಲಿ ಇಲ್ಲಿಗೇ ನಿಲ್ಲಿಸಬಾರದು. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಮಕ್ಕಳು ಕೇಳಿ ಬೆಳೆದಿದ್ದಾರೆ. ಎಲೆ ಹೊದಿಸಿದರೆ ಗುಡ್ಡವೂ ನಿಲ್ಲುತ್ತದೆ ಅಂದುಕೊಂಡುಬಿಡುತ್ತಾರೆ. ಅದಕ್ಕೆ ಓರೆಯಾಗಿಟ್ಟ ತಟ್ಟೆಗೆ ಪ್ಲಾಸ್ಟಿಕ್ ಹಾಸಿ, ಮೇಲೆ ಮಣ್ಣು ಹರಡಿ, ನಿಧಾನವಾಗಿ ನೀರು ಕುಡಿಸಿದೆವು. ಮಣ್ಣು ತೊಳೆದು ಹೋಗಲಿಲ್ಲ, ಇಡಿಯಾಗಿ ಜಾರಿತು. ಮೇಲ್ಮಣ್ಣು ಕೊಚ್ಚಿ ಹೋಗೋದು ಬೇರೆ, ಒಳಗೆ ನೀರು ತುಂಬಿ ಇಳಿಜಾರು ಕುಸಿಯೋದು ಬೇರೆ.

ಶಿಬಿರ ಮಾಡಬೇಕು ಅಂತಿರುವವರಿಗೆ ಎರಡು ಮಾತು. ಇದು ಹಲಸು ಹಣ್ಣಾಗುವ ಕಾಲ, ಆನೆ ತೋಟಕ್ಕೆ ಬರುತ್ತದೆ. ನಾವು ಒಂಬತ್ತೂವರೆಗೆ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸುತ್ತಿದ್ದೆವು. ಅರಣ್ಯ ಇಲಾಖೆಯಿಂದ ಆನೆ ಎಲ್ಲಿದೆ ಅಂತ ಬರುವ ಸಂದೇಶ ನೋಡಿಯೇ ಮಕ್ಕಳನ್ನು ಹೊರಡಿಸುತ್ತಿದ್ದೆವು. ಹಲಸಿನ ಸಿಪ್ಪೆ ಕೇಂದ್ರದ ಹತ್ತಿರ ಬಿಸಾಡಬಾರದು. ಖರ್ಚು ಜಾಸ್ತಿ ಇಲ್ಲ: ಪೈಪು, ಟೇಪು, ನೋಟ್‌ಬುಕ್, ಮಜ್ಜಿಗೆ, ಬಾಳೆಹಣ್ಣು. ಮೇಸ್ತ್ರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ಕೊಡಲೇಬೇಕು. ಊರಿನ ಕಾಫಿ ಬೆಳೆಗಾರರು ಸೇರಿ ಕೊಟ್ಟರು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೂ ಬಾಟಲಿಗಳು ಅಲ್ಲೇ ಇವೆ. ಮಳೆ ಪುಸ್ತಕ ಅರಿವು ಕೇಂದ್ರದ ಮೇಜಿನ ಮೇಲಿದೆ, ಬೆಳಿಗ್ಗೆ ಶಾಲೆಗೆ ಹೋಗುವಾಗ ಮಕ್ಕಳು ಬರೆದು ಹೋಗುತ್ತಾರೆ. ಒಂದು ಕಾಲಂನಲ್ಲಿ ಮಿಲಿಮೀಟರ್, ಪಕ್ಕದಲ್ಲಿ ಇಂಚು, ಸೆಂಟ್. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಒಂದು ಲೀಟರ್ ಬಾಟಲಿ ಸಾಲದೇ ಹೋಗಬಹುದು ಅಂತ ಅವರೇ ಲೆಕ್ಕ ಹಾಕಿ, ಎಲ್ಲ ಕಡೆ ಎರಡು ಲೀಟರಿನದ್ದು ಇಟ್ಟಿದ್ದಾರೆ.